ಮತ್ತು ಇತರರು

ಹಸಿರು ಚಂದ್ರ, ಬೋಳು ಹುಣಸೆಮರ,
ಪಾದ ಬರೆಯಲು ಚಿತ್ರಗಾರ ಮರೆತನೋ, ಬೇಕೆಂದೇ ಬಿಟ್ಟನೋ,
ಗಾಳಿಯಲ್ಲಿ ನಿಂತ ಒಂದು ಬಿಳಿ ಸೀರೆ.
‘ಕೆರೆ ಏರಿಯ ಹೆಂಗಸು: ಭಯಾನಕ ಕಥಾಮಾಲೆ, ಭಾಗ ಎರಡು.’
ರಟ್ಟಿನ ಹಿಂಬದಿ ಕಥೆ ಹೇಳಿದವರ ಹೆಸರು ದಪ್ಪಕ್ಷರದಲ್ಲಿ,
ಹಾರ್ಮೋನಿಯಂನವರದು ಕೂಡ.
ದೊಡ್ಡಮ್ಮ ಇರುವುದು ಕೊನೇ ಸಾಲಲ್ಲಿ:
ಮತ್ತು ಇತರರು.

ಚಿಂತಾಮಣಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಾತ್ರಿ ಪಾಳಿ ಅವಳದು.
ಬಿ. ಕನಕವಲ್ಲಿ, ಆಪರೇಟರ್.
ಕಿವಿಗೆ ಹೆಡ್‌ಫೋನು, ಮಡಿಲಲ್ಲಿ ಹುರಿದ ಕಡಲೆಕಾಯಿ.
ಊರಿನ ಸಾವು, ಹೆರಿಗೆ, ಮಂಡಿಯ ದರ
ಎಲ್ಲ ಅವಳ ಬೆರಳ ಸಂದಿಯ ತಂತಿಯಲ್ಲೇ ದಾಟಬೇಕು.
ಗಣೇಶನ ಪೆಂಡಾಲಿನ ನಾಟಕದಲ್ಲಿ ಅವಳ ಕೂಗು ಕೇಳಿ
ಯಾರೋ ಬೆಂಗಳೂರಿಗೆ ಕರೆದರು.
ಬೆಳಗಿನ ಬಸ್ಸಿಗೆ ಹೋಗಿ, ದೆವ್ವವಾಗಿ,
ಸಂಜೆ ಬಸ್ಸಿಗೆ ವಾಪಸು ಬಂದಳು.
ಅರವತ್ತು ರೂಪಾಯಿ, ಒಂದು ಪೊಟ್ಟಣ ಮೈಸೂರುಪಾಕು.

ಗುಡುಗು ಅಂದರೆ ಡಾಲ್ಡಾ ಡಬ್ಬ ಕಣೋ, ಅಂದಳು.
ಕುದುರೆ ಅಂದರೆ ತೆಂಗಿನ ಚಿಪ್ಪು.
ಗೂಬೆ ಹಾರ್ಮೋನಿಯಂನವರು; ಪಾಪ, ಅವತ್ತು ಅವರಿಗೆ ನೆಗಡಿ.
ನಿಜವಾದದ್ದು ನಾನೊಬ್ಬಳೇ.

ಹಯಾತ್ ಸಾಬರು ಸೌಂಡ್ ಸರ್ವೀಸಿನ ಅಂಗಡಿ ಮುಂದೆ
ಅಮಾವಾಸ್ಯೆ ನೋಡಿಕೊಂಡೇ ಅದನ್ನು ಹಾಕುತ್ತಿದ್ದರು.
ದಾರಿಹೋಕನ ಕುದುರೆ ಏರಿ ಮೇಲೆ. ಕತ್ತಲು. ಚಿಪ್ಪು, ಚಿಪ್ಪು, ಚಿಪ್ಪು.
ಆಗ, ಬಲು ಮೆತ್ತಗೆ, ಪಕ್ಕದಲ್ಲೇ ನಿಂತ ಹಾಗೆ:
‘ದಣಿದಿದೀಯಲ್ಲ ಮಗಾ, ನೀರು ಕುಡೀತೀಯ?’
ಕುಡೀತೀನಿ ಅಂತಾನೆ. ತಂಬಿಗೆಗೆ ತಳವೇ ಇಲ್ಲ.
ಆಮೇಲೆ ಆ ಕೂಗು.
ಆಲೂಗಡ್ಡೆ ಲಾರಿಯ ಹಮಾಲರು ಬೀಡಿ ಬಿಸಾಕಿ ‘ಅಮ್ಮೋ’ ಅನ್ನುತ್ತಿದ್ದರು.

ಆ ವರ್ಷವಿಡೀ ರಾತ್ರಿಯ ಟ್ರಂಕ್ ಕಾಲುಗಳು ಕಡಿಮೆಯಾದವು.
ಮಂಡಿ ಆದಿಶೇಷ ಶೆಟ್ಟರು ಹಿಂದೂಪುರಕ್ಕೆ ಲೈನು ಕೇಳಿ
ಕಾಯುತ್ತಿರುವಾಗ, ಇವಳು, ತುಂಟಿ, ಮೆತ್ತಗೆ
‘ದಣಿದಿದೀರಲ್ಲ’ ಅಂದಳಂತೆ.
ರಿಸೀವರು ಬೆಳಗಿನವರೆಗೂ ನೇತಾಡುತ್ತಲೇ ಇತ್ತಂತೆ.
ಮೆಮೊ ಬಂತು. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿದಳು.

ಗಂಟಲ ಆಪರೇಷನ್ ಆದದ್ದು ಅವಳ ಐವತ್ತೆರಡಕ್ಕೆ.
ಧ್ವನಿಪೆಟ್ಟಿಗೆ ತೆಗೆದರು.
ಆಮೇಲೆ ಹತ್ತೊಂಬತ್ತು ವರ್ಷ, ಹಳೇ ಟ್ರಂಕ್ ಕಾಲ್ ಚೀಟಿಗಳ ಹಿಂಬದಿ
ಪೆನ್ಸಿಲಿನಲ್ಲಿ ಮಾತಾಡಿದಳು:
ಹಾಲು ಉಕ್ಕುತ್ತೆ ನೋಡು. ಅವನ ಮುಖ ನಂಗೆ ಸೇರಲ್ಲ.
ಮಳೆ ಬರೋ ಹಂಗಿದೆ, ಬಟ್ಟೆ.

ಅಂಗಡಿ ಮುಚ್ಚುವಾಗ ಹಯಾತ್ ಸಾಬರು
ಪ್ಲೇಯರನ್ನೂ ತಟ್ಟೆಯನ್ನೂ ತಂದುಕೊಟ್ಟು, ಟೀ ಕುಡಿಯದೆ ಹೋದರು.
ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ಕಂಡೆ:
ತಟ್ಟೆ ತಿರುಗುತ್ತಿತ್ತು, ಇವಳು ಎದುರಿಗೆ ಕೂತಿದ್ದಳು,
ತುಟಿ ಆಡುತ್ತಿತ್ತು, ದನಿಗಿಂತ ಒಂದು ಉಸಿರು ಮುಂಚೆ,
ಎಲ್ಲಿ ತಪ್ಪಿಬಿಡುತ್ತಾಳೋ ಆ ಹುಡುಗಿ ಎಂದು
ಹೇಳಿಕೊಡುವವಳ ಹಾಗೆ.
ಕೂಗಿಗೆ ಮುಂಚೆ ಸೂಜಿ ಎತ್ತಿದಳು.

ಅವಳು ಹೋದ ಮೇಲೆ ನಾವೂ ಹಾಗೇ.
ಸೂತಕದ ಮನೇಲಿ ದೆವ್ವದ ಪ್ಲೇಟೇ, ಎಂದು ಯಾರೋ ಗೊಣಗಿದರು;
ಹಾಕಿದೆವು. ತಂಗಿಯ ಮದುವೆಯ ಮಾರನೇ ದಿನ,
ನನಗೆ ಮಗ ಹುಟ್ಟಿದಾಗ, ಸುಮ್ಮಸುಮ್ಮನೆ ಕೆಲವು ಭಾನುವಾರ.
ಅದೊಂದೇ ಸಾಲು. ಸೂಜಿ ಎತ್ತು. ಮತ್ತೆ ಅದೇ ಸಾಲು.
ಈಗ ಆ ಜಾಗದಲ್ಲಿ ಎಣ್ಣೆಗೆ ಸಾಸಿವೆ ಬಿದ್ದ ಸದ್ದು,
ಅದರೊಳಗೆಲ್ಲೋ ‘ಮಗಾ’, ಗೊತ್ತಿದ್ದವರಿಗೆ ಮಾತ್ರ.

ಮೊನ್ನೆ ಒಬ್ಬನೇ ಇದ್ದೆ. ಎತ್ತಲಿಲ್ಲ.
ಕೂಗು, ಅಂಗಡಿಯಿಂದ ನಿನ್ನೆ ತಂದಷ್ಟು ಹೊಸದು.
ಬೀದಿ ನಾಯಿ ಬೊಗಳಿತು. ಮೇಲಿನ ಮನೆಯವರು ಕಿಟಕಿ ತೆಗೆದರು.
ಕೂಗು ಮುಗಿದು, ಡಾಲ್ಡಾ ಡಬ್ಬ ಗುಡುಗುವ ಮುಂಚೆ,
ಯಾರೂ ಕತ್ತರಿಸದೆ ಬಿಟ್ಟ ಒಂದು ಕೆಮ್ಮು.
ಇಷ್ಟು ವರ್ಷ ಅದು ಅಲ್ಲೇ ಇತ್ತು.

ತಟ್ಟೆ ಕೊನೆಯ ಗೆರೆಯಲ್ಲಿ ಸುತ್ತುತ್ತಲೇ ಇತ್ತು.
ನಾನೆದ್ದು ಅಡುಗೆಮನೆಗೆ ಹೋಗಿ
ತಂಬಿಗೆಯ ತಳ ಮುಟ್ಟಿ ನೋಡಿ
ನೀರು ಕುಡಿದೆ.